ದೂರದ ಊರಿನ ಆಟವೂ ಗೃಹಸ್ಥನ ಲೆಕ್ಕವೂ

ಮನುಷ್ಯನು ಊರನ್ನು ಬಿಡಬಹುದು. ಊರಿನ ಮೇಲಣ ಅಭಿಮಾನವನ್ನು ಬಿಡುವುದು ಸುಲಭವಲ್ಲ. ಹುಟ್ಟಿದ ಊರಿಗೆ ಸಲ್ಲುವ ಈ ಮಾತು, ಹತ್ತಾರು ವರ್ಷ ಬಾಳಿ ಮಕ್ಕಳನ್ನು ಬೆಳೆಸಿದ ಪರದೇಶದ ಊರಿಗೂ ಸಲ್ಲುತ್ತದೆ. ನಮ್ಮ ನಾಡಿನ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನೆಲಸಿರುವರಷ್ಟೆ. ಉದ್ಯೋಗನಿಮಿತ್ತವಾಗಿ ಅವರು ಅಲ್ಲಿ ಒಂದು ಪಟ್ಟಣದಿಂದ ಇನ್ನೊಂದು ಪಟ್ಟಣಕ್ಕೆ ಹೋಗಿ ನೆಲಸುವುದು ಸಾಮಾನ್ಯವಾದ ಸಂಗತಿ. ಅಂಥ ಒಂದು ಮನೆಯ ಹುಡುಗನು ಪಿಟ್ಸ್‌ಬರ್ಗ್ ಪಟ್ಟಣದಲ್ಲಿ ಓದಿ, ಅಲ್ಲಿಯ ಸ್ಟೀಲರ್ಸ್ ಎಂಬ ತಂಡವನ್ನು ತನ್ನದೆಂದೇ ಭಾವಿಸಿ, ತರುವಾಯ ತಂದೆತಾಯಿಗಳೊಡನೆ ಡಲ್ಲಾಸ್ ಪಟ್ಟಣಕ್ಕೆ ಬಂದನೆಂದು ಇಟ್ಟುಕೊಳ್ಳೋಣ. ಭಾನುವಾರ ಮಧ್ಯಾಹ್ನ ಅವನು ದೂರದರ್ಶನದ ಮುಂದೆ ಕುಳಿತರೆ ಕಾಣುವುದು ಡಲ್ಲಾಸಿನ ಕೌಬಾಯ್ಸ್ ತಂಡದ ಆಟ. ಸ್ಟೀಲರ್ಸ್ ತಂಡವು ಅದೇ ವೇಳೆಯಲ್ಲಿ ಬೇರೆಡೆ ಆಡುತ್ತಿದ್ದರೂ ಅದು ಅವನ ಕಣ್ಣಿಗೆ ಬೀಳುವುದಿಲ್ಲ. ಹುಡುಗನು ಮುಖ ಸಣ್ಣದು ಮಾಡಿಕೊಳ್ಳುತ್ತಾನೆ. ತಂದೆಯು ಯಾವ ಸಂಸ್ಥೆಗೆ ಚಂದಾ ಕಟ್ಟಿದರೆ ಆ ಆಟ ದೊರೆತೀತೆಂದು ವಿಚಾರಿಸಲು ತೊಡಗುತ್ತಾನೆ. ಆ ವಿಚಾರವನ್ನು ಹೇಗೆ ಮಾಡತಕ್ಕದ್ದೆಂಬುದೇ ಈ ಲೇಖನದ ವಿಷಯ.

ಮೊದಲು ಆಟದ ಪರಿಚಯ. ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವುದು ನಮ್ಮ ಶಾಲೆಗಳ ಬಯಲಿನಲ್ಲಿ ಆಡುವ ಕಾಲ್ಚೆಂಡಾಟವಲ್ಲ. ಅವರ ಚೆಂಡು ಎರಡು ತುದಿಗಳಲ್ಲಿ ಚೂಪಾಗಿರುವುದು. ಅದನ್ನು ಬಹುಮಟ್ಟಿಗೆ ಕೈಯಿಂದಲೇ ಎಸೆದು, ಹಿಡಿದು, ಹೊತ್ತುಕೊಂಡು ಓಡುತ್ತಾರೆ. ಈ ಆಟದ ವೃತ್ತಿಪರ ಮಂಡಲಿಗೆ ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂದು ಹೆಸರು. ಇದರಲ್ಲಿ 32 ತಂಡಗಳಿವೆ. 2021ರಿಂದ ಪ್ರತಿಯೊಂದು ತಂಡವೂ 18 ವಾರಗಳ ಅವಧಿಯಲ್ಲಿ 17 ಆಟಗಳನ್ನು ಆಡುವ ನಿಯಮವಿದೆ. ಸೆಪ್ಟೆಂಬರಿನಲ್ಲಿ ಆರಂಭವಾದ ಋತುವು ಜನವರಿಯ ಮೊದಲ ಭಾಗದಲ್ಲಿ ಮುಗಿದು, ಆಮೇಲೆ ಗೆದ್ದು ಉಳಿದ ತಂಡಗಳ ಅಂತಿಮ ಪಂದ್ಯಗಳು ನಡೆಯುವುವು.

ಈ ಆಟಗಳನ್ನು ತೋರಿಸುವವರು ಒಬ್ಬರಲ್ಲ. ಭಾನುವಾರ ಮಧ್ಯಾಹ್ನದ ಆಟಗಳನ್ನು ಸಿ.ಬಿ.ಎಸ್. ಮತ್ತು ಫಾಕ್ಸ್ ಎಂಬ ಪ್ರಸಾರಸಂಸ್ಥೆಗಳೂ, ಭಾನುವಾರ ರಾತ್ರಿಯದನ್ನು ಎನ್.ಬಿ.ಸಿ.ಯೂ, ಸೋಮವಾರ ರಾತ್ರಿಯದನ್ನು ಇ.ಎಸ್.ಪಿ.ಎನ್. ಸಂಸ್ಥೆಯೂ ತೋರಿಸುವುವು. ಗುರುವಾರ ರಾತ್ರಿಯ ಆಟಗಳು 2022ರಿಂದ ಅಮೆಜಾನ್ ಕಂಪನಿಯ ಕೈ ಸೇರಿವೆ. ರಾತ್ರಿಯ ಆಟಗಳು ದೇಶಕ್ಕೆಲ್ಲ ಒಂದೇ, ಎಲ್ಲಿದ್ದರೂ ಕಾಣಬಹುದು. ತೊಡಕಿರುವುದು ಭಾನುವಾರ ಮಧ್ಯಾಹ್ನದಲ್ಲಿ. ಆಗ ಒಂದೇ ವೇಳೆಯಲ್ಲಿ ಹಲವು ಆಟಗಳು ನಡೆಯುತ್ತವೆ. ಒಂದೊಂದು ಪ್ರಾಂತದ ನಿಲಯವೂ ತನ್ನ ಜನರಿಗೆ ಪ್ರಿಯವಾದುದನ್ನು, ಮುಖ್ಯವಾಗಿ ಹತ್ತಿರದ ಊರಿನ ತಂಡದ್ದನ್ನು, ಆಯ್ದು ತೋರಿಸುತ್ತದೆ. ಉಳಿದ ಆಟಗಳು ಆ ಪ್ರಾಂತದವರ ಪಾಲಿಗೆ ಹೊರಗಿನವು.

ಈ ಪ್ರಾಂತವಿಭಾಗ ಹೇಗೆ ಹುಟ್ಟಿತೆಂಬುದನ್ನು ತಿಳಿದರೆ ವ್ಯವಹಾರದ ಸ್ವರೂಪ ಸ್ಪಷ್ಟವಾಗುವುದು. ದೂರದರ್ಶನವು ಹೊಸದಾಗಿದ್ದ ಕಾಲದಲ್ಲಿ, ಮನೆಯಲ್ಲೇ ಆಟ ಕಂಡರೆ ಜನರು ಚೀಟಿ ಕೊಂಡು ಆಟದ ಬಯಲಿಗೆ ಬರಲಾರರೆಂಬ ಭಯ ತಂಡಗಳ ಒಡೆಯರಿಗೆ ಇತ್ತು. ತಂಡವು ಸ್ವಂತ ಊರಿನಲ್ಲಿ ಆಡುವ ದಿನ ಬೇರೆ ಆಟಗಳನ್ನು ಆ ಊರಿನಲ್ಲಿ ತೋರಿಸದಂತೆ ತಡೆಯುವುದು ನ್ಯಾಯವೇ ಎಂದು 1953ರಲ್ಲಿ ಫಿಲಡೆಲ್ಫಿಯಾದ ನ್ಯಾಯಾಧೀಶ ಅಲನ್ ಗ್ರಿಮ್ ಎಂಬವರು ತೀರ್ಪಿತ್ತರು. ಎಲ್ಲ ತಂಡಗಳೂ ಕೂಡಿ ತಮ್ಮ ಪ್ರಸಾರದ ಹಕ್ಕನ್ನು ಒಂದೇ ಗಂಟಾಗಿ ಮಾರುವುದು ಸ್ಪರ್ಧೆಗೆ ವಿರೋಧವೆಂದು ಅವರೇ 1961ರಲ್ಲಿ ಹೇಳಿದರು. ಆದರೆ ಅದೇ ವರ್ಷ ಅಮೆರಿಕಾದ ಶಾಸನಸಭೆಯು ಅಂಥ ಒಟ್ಟು ಮಾರಾಟಕ್ಕೆ ಅನುಮತಿ ಕೊಡುವ ಶಾಸನವನ್ನು ಮಾಡಿತು. ಅಧ್ಯಕ್ಷ ಕೆನೆಡಿಯವರು ಸೆಪ್ಟೆಂಬರ್ 30ರಂದು ಅದಕ್ಕೆ ಅಂಕಿತ ಹಾಕಿದರು. 1973ರ ತರುವಾಯ, ಆಟಕ್ಕೆ 72 ಗಂಟೆ ಮುಂಚಿತವಾಗಿ ಚೀಟಿಗಳೆಲ್ಲ ಮಾರಿಹೋದರೆ ಊರಿನವರಿಗೂ ಆಟವನ್ನು ತೋರಿಸತಕ್ಕದ್ದೆಂಬ ನಿಯಮವಾಯಿತು. 2015ರಲ್ಲಿ ಮಂಡಲಿಯು ಈ ಚೀಟಿಯ ನಿರ್ಬಂಧವನ್ನೇ ನಿಲ್ಲಿಸಿತು. ಊರಿನ ಆಟಕ್ಕಿದ್ದ ತಡೆ ಹೀಗೆ ಹೋಯಿತು. ದೂರದ ಊರಿನ ಆಟಕ್ಕಿದ್ದ ತಡೆ ಉಳಿಯಿತು. ತಡೆಯಿರುವ ಕಡೆ ವ್ಯಾಪಾರ ಹುಟ್ಟುವುದು ಲೋಕರೂಢಿಯಷ್ಟೆ.

ಆ ವ್ಯಾಪಾರದ ಹೆಸರು ಸಂಡೇ ಟಿಕೆಟ್. ಪ್ರಾಂತದ ಹೊರಗಣ ಭಾನುವಾರ ಮಧ್ಯಾಹ್ನದ ಆಟಗಳನ್ನೆಲ್ಲ ಒಂದು ಕಂತೆಯಾಗಿ ಕಟ್ಟಿ, ಇಡೀ ಋತುವಿಗೆ ಇಷ್ಟು ಹಣವೆಂದು ಮಾರುವ ಈ ಪದ್ಧತಿ 1994ರಲ್ಲಿ ಆರಂಭವಾಯಿತು. ಅಂದಿನಿಂದ 2022ರ ಋತು ಮುಗಿಯುವವರೆಗೆ ಮನೆಗಳಿಗೆ ಇದನ್ನು ಒದಗಿಸುತ್ತಿದ್ದುದು ಡೈರೆಕ್‌ಟಿವಿ ಸಂಸ್ಥೆ. ಅದರ ಚಿತ್ರಗಳು ಉಪಗ್ರಹದಿಂದ ಬರುವುವಾದುದರಿಂದ ಮನೆಯ ಮೇಲೆ ತಟ್ಟೆಯೊಂದನ್ನು ನಿಲ್ಲಿಸಬೇಕಾಗಿತ್ತು. ಎದುರಿಗೆ ಮರವೋ ಎತ್ತರದ ಕಟ್ಟಡವೋ ಇದ್ದವರಿಗೆ ಕಷ್ಟವಾಗುತ್ತಿತ್ತು. 2022ರ ಡಿಸೆಂಬರಿನಲ್ಲಿ ಈ ಹಕ್ಕು ಯೂಟ್ಯೂಬ್ ಸಂಸ್ಥೆಗೆ ಹೋಯಿತು. ಅದಕ್ಕಾಗಿ ಸಂಸ್ಥೆಯು ವರ್ಷಕ್ಕೆ ಸುಮಾರು 200 ಕೋಟಿ ಡಾಲರು ಕೊಡಲೊಪ್ಪಿತೆಂದು ಪತ್ರಿಕೆಗಳು ವರದಿ ಮಾಡಿದವು. 2023ರ ಋತುವಿನಿಂದ ತಟ್ಟೆಯ ಗೊಡವೆಯಿಲ್ಲ; ಅಂತರ್ಜಾಲದ ಸಂಪರ್ಕವೊಂದಿದ್ದರೆ ಸಾಕು.

ಆದುದರಿಂದ ಹೊರಗಿನ ಆಟಗಳ ಮಟ್ಟಿಗೆ, ಹತ್ತು ಸಂಸ್ಥೆಗಳಲ್ಲಿ ಒಂದನ್ನು ಆರಿಸುವ ಸ್ವಾತಂತ್ರ್ಯ ಅಮೆರಿಕಾದ ಗೃಹಸ್ಥನಿಗೆ ಇಲ್ಲ. ಮಾರುವವನು ಒಬ್ಬನೇ. ಆಯ್ಕೆಯಿರುವುದು ಎರಡು ವಿಷಯಗಳಲ್ಲಿ ಮಾತ್ರ: ಕೊಳ್ಳಬೇಕೇ ಬೇಡವೇ ಎಂಬುದರಲ್ಲಿ, ಕೊಳ್ಳುವುದಾದರೆ ಯಾವ ಬಗೆಯಲ್ಲಿ ಎಂಬುದರಲ್ಲಿ.

ಬಗೆಗಳನ್ನು ಅಂಕಿಗಳಿಂದ ತಿಳಿಯೋಣ. ಬೆಲೆಗಳು ವರ್ಷವರ್ಷವೂ ಮಾರ್ಪಡುವುವು; ಇಲ್ಲಿ ಮುಖ್ಯವಾದುದು ಲೆಕ್ಕದ ಕ್ರಮ. 2023ರಲ್ಲಿ ಯೂಟ್ಯೂಬ್ ಟಿವಿ ಎಂಬ ಮಾಸಿಕ ಸೇವೆಯ ಚಂದಾದಾರರಿಗೆ ಸಂಡೇ ಟಿಕೆಟ್ಟಿನ ಪೂರ್ಣ ಬೆಲೆ ಋತುವೊಂದಕ್ಕೆ 349 ಡಾಲರು. ಆ ಸೇವೆಯಿಲ್ಲದೆ ಬಿಡಿಯಾಗಿ ಕೊಳ್ಳುವವರಿಗೆ 449 ಡಾಲರು. ಜೂನ್ ತಿಂಗಳ ಮೊದಲ ವಾರದೊಳಗೆ ಕೊಂಡವರಿಗೆ 100 ಡಾಲರು ಕಡಮೆ ಮಾಡಿದ್ದರು. ಮೇಲ್ನೋಟಕ್ಕೆ 349ರದೇ ಅಗ್ಗವೆಂದು ತೋರುವುದು. ಆದರೆ ಮಾಸಿಕ ಸೇವೆಯ ಬೆಲೆ ಆ ವರ್ಷ ತಿಂಗಳಿಗೆ 72.99 ಡಾಲರು, ಸೆಪ್ಟೆಂಬರಿನಿಂದ ಜನವರಿಯವರೆಗೆ ಐದು ತಿಂಗಳಿಗೆ 364.95 ಡಾಲರು. ಎರಡನ್ನೂ ಕೂಡಿಸಿದರೆ 713.95 ಡಾಲರಾಯಿತು. ಮನೆಯಲ್ಲಿ ಮೊದಲೇ ಕೇಬಲ್ಲಿಗೆ ಹಣ ಕಟ್ಟುತ್ತಿದ್ದು, ಅದನ್ನು ನಿಲ್ಲಿಸಿ ಈ ಸೇವೆಗೆ ಬಂದರೆ ಲಾಭವಿರಬಹುದು. ಟಿಕೆಟ್ಟಿಗಾಗಿಯೇ ಮಾಸಿಕ ಸೇವೆಯನ್ನು ಹೊಸದಾಗಿ ಹಿಡಿದರೆ, 100 ಡಾಲರನ್ನು ಉಳಿಸಲು ಅದರ ಮೂರೂವರೆ ಪಾಲಿಗಿಂತ ಹೆಚ್ಚು ವೆಚ್ಚ ಮಾಡಿದಂತೆ. ಈ ಮಾಸಿಕ ಬೆಲೆಯಾದರೂ ನಿಂತಲ್ಲಿ ನಿಲ್ಲಲಿಲ್ಲ. 2025ರ ಜನವರಿಯಿಂದ 82.99 ಡಾಲರಾಯಿತು.

ಇನ್ನೂ ಒಂದು ಲೆಕ್ಕವುಂಟು. ಬಹುಮಂದಿ ಮಾಡದಿರುವುದು ಇದನ್ನೇ. ಟಿಕೆಟ್ಟಿನಲ್ಲಿ ರಾತ್ರಿಯ ಆಟಗಳು ಬರುವುದಿಲ್ಲ. ತಾನಿರುವ ಪ್ರಾಂತದ ನಿಲಯಗಳು ತೋರಿಸುವ ಆಟಗಳೂ ಬರುವುದಿಲ್ಲ. ಜನವರಿಯ ಅಂತಿಮ ಪಂದ್ಯಗಳೂ ಬರುವುದಿಲ್ಲ. ನಮ್ಮ ಹುಡುಗನ ತಂಡದ 17 ಆಟಗಳಲ್ಲಿ ಐದು ದೇಶಕ್ಕೆಲ್ಲ ಕಾಣುವ ರಾತ್ರಿಯ ಆಟಗಳೆಂದೂ, ಎರಡನ್ನು ಡಲ್ಲಾಸಿನ ನಿಲಯಗಳೇ ತೋರಿಸುವುವೆಂದೂ ಭಾವಿಸೋಣ. ಉಳಿದುದು ಹತ್ತು. 449 ಡಾಲರನ್ನು ಹತ್ತರಿಂದ ಭಾಗಿಸಿದರೆ ಆಟವೊಂದಕ್ಕೆ 44.90 ಡಾಲರು ಬೀಳುವುದು. ಹತ್ತು ಭಾನುವಾರಗಳಲ್ಲಿ ಎರಡು ಮೂರು ನೆಂಟರ ಮನೆಗೋ ಶಾಲೆಯ ಸಮಾರಂಭಕ್ಕೋ ಹೋದವೆಂದರೆ ಬೆಲೆ ಇನ್ನೂ ಏರುವುದು. ಒಂದೇ ತಂಡವನ್ನು ನೋಡುವವನಿಗೆ ಇದು ಹೀಗೆ. ಮನೆಯಲ್ಲಿ ಮೂವರಿದ್ದು ಮೂವರಿಗೂ ಬೇರೆ ಬೇರೆ ತಂಡಗಳು ಪ್ರಿಯವಾಗಿದ್ದರೆ ಅದೇ ಹಣ ಮೂರು ಕಡೆ ಹಂಚಿಹೋಗಿ ಹಗುರವಾಗುವುದು. ಒಂದೇ ಬೆಲೆಯು ಒಂದು ಮನೆಗೆ ದುಬಾರಿ, ಇನ್ನೊಂದಕ್ಕೆ ನ್ಯಾಯ.

ಒಂದೇ ತಂಡ ಬೇಕೆನ್ನುವವನಿಗೆ ಆ ತಂಡದ ಆಟಗಳನ್ನು ಮಾತ್ರ ಏಕೆ ಕೊಡಲಿಲ್ಲವೆಂದು ವಾಚಕರು ಕೇಳಬಹುದು. ಅಮೆರಿಕಾದ ನ್ಯಾಯಾಲಯದಲ್ಲಿಯೂ ಇದೇ ಬಗೆಯ ಪ್ರಶ್ನೆ ಎದ್ದಿತು. 2015ರಲ್ಲಿ ಸಾನ್ ಫ್ರಾನ್ಸಿಸ್ಕೊ ಪಟ್ಟಣದ ಒಂದು ಪಾನಗೃಹವು ಮೊದಲು ಮಾಡಿದ ವ್ಯಾಜ್ಯಕ್ಕೆ 24 ಲಕ್ಷಕ್ಕೂ ಹೆಚ್ಚು ಮನೆಯ ಚಂದಾದಾರರು ವಾದಿಗಳಾಗಿ ಸೇರಿದಂತಾಯಿತು. ಆಟಗಳನ್ನೆಲ್ಲ ಒಬ್ಬನೇ ಮಾರುವಂತೆ ಮಾಡಿ, ಬೇಕಾದುದನ್ನು ಬಿಡಿಯಾಗಿ ಕೊಡದೆ, ಬೆಲೆಯನ್ನು ಏರಿಸಿದರೆಂಬುದು ಅವರ ದೂರು. ಮುಕ್ತ ಪ್ರಸಾರದಲ್ಲಿ ಬೇಕಾದಷ್ಟು ಆಟಗಳು ಉಚಿತವಾಗಿಯೇ ದೊರೆಯುವುವು, ಇದು ಹೆಚ್ಚು ಆಸಕ್ತಿಯುಳ್ಳವರಿಗಾಗಿ ಮಾಡಿದ ವಿಶೇಷ ಸರಕೆಂಬುದು ಮಂಡಲಿಯ ಉತ್ತರ. ಇ.ಎಸ್.ಪಿ.ಎನ್. ಸಂಸ್ಥೆಯು ಋತುವಿಗೆ 70 ಡಾಲರಿನಂತೆ ಮಾರುವ ಯೋಚನೆಯನ್ನೂ, ಒಂದೊಂದು ತಂಡದ ಆಟಗಳನ್ನು ಬಿಡಿಯಾಗಿ ಕೊಡುವ ಯೋಚನೆಯನ್ನೂ ಮಾಡಿದ್ದಿತೆಂಬ ಸಂಗತಿಯು ವಿಚಾರಣೆಯಲ್ಲಿ ಹೊರಬಿದ್ದಿತು. 2024ರ ಜೂನ್ 27ರಂದು ಲಾಸ್ ಏಂಜಲಿಸ್ ಪಟ್ಟಣದ ಪಂಚರು ವಾದಿಗಳಿಗೆ ಸುಮಾರು 470 ಕೋಟಿ ಡಾಲರು ಪರಿಹಾರ ಸಲ್ಲಬೇಕೆಂದರು. ಆದರೆ ಆಗಸ್ಟ್ 1ರಂದು ನ್ಯಾಯಾಧೀಶ ಫಿಲಿಪ್ ಗಟೀರೆಜ್ ಅವರು ಆ ನಿರ್ಣಯವನ್ನು ರದ್ದುಮಾಡಿದರು. ವಾದಿಗಳ ಪರವಾದ ಅರ್ಥಶಾಸ್ತ್ರಜ್ಞರ ಸಾಕ್ಷ್ಯವು ಗ್ರಾಹ್ಯವಲ್ಲವೆಂಬುದು ಅವರು ಕೊಟ್ಟ ಮುಖ್ಯ ಕಾರಣ. ವಾದಿಗಳು ಮೇಲಿನ ನ್ಯಾಯಾಲಯದ ಮೊರೆಹೊಕ್ಕರು. ಇಂಥ ವ್ಯಾಜ್ಯಗಳು ನಡೆಯುವುದು ದಶಕಗಳ ಲೆಕ್ಕದಲ್ಲಿ. ಮನೆಯ ಆಯವ್ಯಯ ನಡೆಯುವುದು ತಿಂಗಳ ಲೆಕ್ಕದಲ್ಲಿ. ನ್ಯಾಯಾಲಯವು ಬೆಲೆಯನ್ನು ಇಳಿಸೀತೆಂದು ಕಾದಿರುವುದು ಗೃಹಸ್ಥನಿಗೆ ಸಾಧ್ಯವಲ್ಲ. ಅವನ ಲೆಕ್ಕವನ್ನು ಅವನೇ ಮಾಡಿಕೊಳ್ಳಬೇಕು.

ಈ ಪ್ರಾಂತಬಂಧನವು ಅಮೆರಿಕಾದ ಗಡಿಯೊಳಗಿನ ಮಾತೆಂಬುದನ್ನೂ ಗಮನಿಸತಕ್ಕದ್ದು. 2023ರಿಂದ ಡಜ಼ೋನ್ ಎಂಬ ಸಂಸ್ಥೆಯ ಮೂಲಕ ಹೊರಗಿನ ಅನೇಕ ದೇಶಗಳ ಜನರು ಈ ಆಟಗಳನ್ನು ಪ್ರಾಂತಭೇದವಿಲ್ಲದೆ ಕೊಳ್ಳಬಹುದಾಗಿದೆ. ಪಿಟ್ಸ್‌ಬರ್ಗಿನ ಆಟವು ಸಾಗರದಾಚೆಯವನಿಗೆ ಸಮೀಪ, ಡಲ್ಲಾಸಿನವನಿಗೆ ದೂರ! ಹಕ್ಕುಗಳ ಭೂಗೋಳವು ನಾವು ಶಾಲೆಯಲ್ಲಿ ಕಲಿಸಿದ ಭೂಗೋಳದಂತಲ್ಲ.

ಇನ್ನು ಆಯ್ಕೆಯ ಕ್ರಮ. ಮೊದಲನೆಯದಾಗಿ, ವೇಳಾಪಟ್ಟಿ ಪ್ರಕಟವಾದೊಡನೆ ತನ್ನ ತಂಡದ 17 ಆಟಗಳನ್ನು ಒಂದು ಕಾಗದದಲ್ಲಿ ಬರೆದು, ಉಚಿತವಾಗಿಯೋ ಈಗಾಗಲೇ ಕಟ್ಟುತ್ತಿರುವ ಚಂದಾದಿಂದಲೋ ದೊರೆಯುವುವನ್ನು ಹೊಡೆದುಹಾಕಬೇಕು. ಉಳಿದವುಗಳ ಸಂಖ್ಯೆಯೇ ಕೊಳ್ಳತಕ್ಕ ಸರಕು. ಎರಡನೆಯದಾಗಿ, ಮನೆಗೊಂದು ಆಂಟೆನಾ ಹಾಕಿಸಬೇಕು. ಸಿ.ಬಿ.ಎಸ್., ಫಾಕ್ಸ್, ಎನ್.ಬಿ.ಸಿ. ಇವುಗಳ ಪ್ರಸಾರವು ನಿಲಯ ಸಮೀಪವಿರುವ ಕಡೆ ಆಕಾಶಮಾರ್ಗವಾಗಿ ಉಚಿತವಾಗಿಯೇ ಬರುವುದು. ಒಂದು ಸಾರಿ ಕೊಂಡ ಆಂಟೆನಾ ಮತ್ತೆ ಚಂದಾ ಕೇಳುವುದಿಲ್ಲ. ಮೂರನೆಯದಾಗಿ, ಯಾವ ಸೇವೆಯನ್ನು ಹಿಡಿದರೂ ಅದರಲ್ಲಿ ಬೇಕಾದ ವಾಹಿನಿಗಳಿವೆಯೇ ಎಂದು ನೋಡಬೇಕು. 2025ರ ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ, ಬೆಲೆಯ ವಿವಾದದಿಂದಾಗಿ ಯೂಟ್ಯೂಬ್ ಟಿವಿಯಲ್ಲಿ ಇ.ಎಸ್.ಪಿ.ಎನ್. ವಾಹಿನಿಯೇ ಕಾಣದೆಹೋಯಿತು, ಹಣ ಕಟ್ಟಿದವರು ಆಟವಿಲ್ಲದೆ ಕುಳಿತರು. ನಾಲ್ಕನೆಯದಾಗಿ, ಅನ್ನ ಬೆಂದಿತೇ ಎಂದು ಒಂದು ಅಗುಳನ್ನು ಹಿಸುಕಿ ನೋಡುವ ಸ್ಥಾಲೀಪುಲಾಕ ನ್ಯಾಯದಂತೆ, ಮನೆಯ ಅಂತರ್ಜಾಲವು ಭಾನುವಾರದ ಭಾರವನ್ನು ತಡೆದೀತೇ ಎಂಬುದನ್ನು ಬೇರೊಂದು ನೇರ ಪ್ರಸಾರವನ್ನು ಹಚ್ಚಿ ಪರೀಕ್ಷಿಸಬೇಕು. ಐದನೆಯದಾಗಿ, ಚಂದಾ ತಾನಾಗಿಯೇ ಮುಂದಿನ ವರ್ಷಕ್ಕೆ ಮುಂದುವರಿಯುವುದೇ ಎಂದು ಕರಾರನ್ನು ಓದಿ, ನಿಲ್ಲಿಸಬೇಕಾದ ದಿನವನ್ನು ಪಂಚಾಂಗದ ಮೇಲೆ ಗುರುತಿಸಿಡಬೇಕು.

ಆಟವನ್ನು ಆ ಕ್ಷಣದಲ್ಲೇ ನೋಡಬೇಕೆಂಬ ಹಟವಿಲ್ಲದವರಿಗೆ ಇನ್ನೊಂದು ದಾರಿಯಿದೆ. ಮಂಡಲಿಯೇ 2022ರಲ್ಲಿ ಆರಂಭಿಸಿದ ಎನ್.ಎಫ್.ಎಲ್. ಪ್ಲಸ್ ಎಂಬ ಸೇವೆಯ ಮೇಲಿನ ದರ್ಜೆಯಲ್ಲಿ ಮುಗಿದ ಆಟಗಳನ್ನು ಆದ್ಯಂತವಾಗಿ ಮತ್ತೆ ನೋಡಬಹುದು. ಅದರ ಬೆಲೆ ಟಿಕೆಟ್ಟಿಗಿಂತ ಬಹಳ ಕಡಮೆ. ಆದರೆ ಹೊರಗಿನ ಆಟಗಳನ್ನು ನಡೆಯುವಾಗಲೇ ತೋರಿಸುವ ಸೇವೆ ಅದಲ್ಲವೆಂಬುದನ್ನು ಮರೆಯಬಾರದು. ಫಲಿತಾಂಶವು ಕಿವಿಗೆ ಬೀಳದಂತೆ ಸಂಜೆಯವರೆಗೆ ಕಾದು, ಊಟವಾದ ಮೇಲೆ ಮನೆಮಂದಿಯೆಲ್ಲ ಕುಳಿತು ನೋಡುವವರಿಗೆ ಇದೇ ಸಾಕು.

ಕೊನೆಗೆ ಒಂದು ಮಾತು. ಬಿಟ್ಟುಬಂದ ಊರಿನ ತಂಡಕ್ಕಾಗಿ ಹಂಬಲಿಸುವ ಮಗುವನ್ನು ಹಾಸ್ಯ ಮಾಡಬಾರದು. ಗೆಳೆಯರೊಡನೆ ಕೂಗಿದ ಆ ಹೆಸರು ಅವನಿಗೆ ಉಳಿದಿರುವ ಊರಿನ ನೆನಪು. ಹಿರಿಯರು ಮಾಡಬೇಕಾದುದು, ವೇಳಾಪಟ್ಟಿಯನ್ನೂ ಸೀಸದ ಕಡ್ಡಿಯನ್ನೂ ಅವನ ಕೈಗೇ ಕೊಟ್ಟು ಲೆಕ್ಕವನ್ನು ಅವನಿಂದಲೇ ಹಾಕಿಸುವುದು. ಆಟವೊಂದಕ್ಕೆ ಎಷ್ಟು ಬೀಳುವುದೆಂದು ತಾನೇ ಕಂಡುಕೊಂಡ ಹುಡುಗನು ಬೇಕೆಂದರೂ ಒಪ್ಪಬಹುದು, ಬೇಡವೆಂದರೂ ಒಪ್ಪಬಹುದು.