ಮರಣದ ಮಾತು ಮನೆಯೊಳಗೇ ಆಗಲಿ

ಮನೆಯ ಹಿರಿಯರು "ನಾನು ಹೋದ ಮೇಲೆ..." ಎಂದು ಬಾಯಿ ತೆರೆದರೆ ಸಾಕು, ನಾವು ತಡೆಯುತ್ತೇವೆ. "ಅದೆಲ್ಲ ಈಗ ಯಾಕೆ ಬಾಪ, ನಿಮಗೇನಾಗಿದೆ?" ಎನ್ನುತ್ತೇವೆ. ಅದು ಪ್ರೀತಿಯ ಮಾತೇ. ಆದರೆ ಅವರು ಹೇಳಲು ಹೊರಟದ್ದು ಅಲ್ಲಿಗೇ ನಿಂತುಬಿಡುತ್ತದೆ. ಎಷ್ಟೋ ಮಯ್ಯಿತ್ ನಮಾಝಿಗೆ ನಿಂತಿದ್ದೇವೆ, ನಮ್ಮ ಸರದಿಯ ಬಗ್ಗೆ ಮಾತ್ರ ಮಾತಿಲ್ಲ.

ಈ ಮೌನದ ಭಾರ ಹೊರುವವರು ಉಳಿದವರು. ಮಯ್ಯಿತ್ ಮನೆಯಲ್ಲಿರುವಾಗಲೇ ಪ್ರಶ್ನೆ ಶುರುವಾಗುತ್ತದೆ. ಗಲ್ಫಿನಲ್ಲಿರುವ ಮಗ ಬರುವ ತನಕ ಕಾಯುವುದಾ? ದಫನ್ ಯಾವ ಪಳ್ಳಿಯಲ್ಲಿ? ಕೆಲವೇ ದಿನಗಳಲ್ಲಿ ಒಬ್ಬರು ಬಂದು "ನನಗೆ ಸ್ವಲ್ಪ ಹಣ ಬರಲಿಕ್ಕುಂಟು" ಎನ್ನುತ್ತಾರೆ. ನಿಜವಾ ಸುಳ್ಳಾ ಹೇಳಬೇಕಾದವರು ಮಣ್ಣಿನೊಳಗೆ. ಅಣ್ಣ ತಮ್ಮಂದಿರ ಮನಸ್ತಾಪ ಅಲ್ಲಿಂದಲೇ ಹುಟ್ಟುತ್ತದೆ.

ನಮ್ಮ ದೀನ್ ಈ ವಿಷಯವನ್ನು ಮುಚ್ಚಿಟ್ಟಿಲ್ಲ. ಕುರ್‌ಆನಿನ ಅತಿ ದೊಡ್ಡ ಆಯತ್, ಅಲ್ ಬಖರದ 282ನೆಯದು, ಸಾಲವನ್ನು ಬರೆದಿಡುವುದರ ಬಗ್ಗೆ ಇದೆ. ಸೂರಃ ಅನ್ನಿಸಾಅ್‌ನಲ್ಲಿ ಪಾಲು ಹೇಳುವಾಗಲೂ ವಸಿಯ್ಯತ್ ಮತ್ತು ಸಾಲ ತೀರಿದ ಮೇಲೆಯೇ ಪಾಲು ಎಂದು ಮತ್ತೆ ಮತ್ತೆ ಬಂದಿದೆ. ವಸಿಯ್ಯತ್ ಮಾಡಲಿಕ್ಕಿರುವವನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯಬಾರದೆಂದು ಪ್ರವಾದಿ (ಸ) ಕಲಿಸಿದರು. ಮೂರು ದೀನಾರ್ ಸಾಲವಿದ್ದವರ ಮಯ್ಯಿತ್ ನಮಾಝಿಗೆ ಪ್ರವಾದಿಯವರು (ಸ) ಮುಂದೆ ನಿಂತದ್ದು ಅಬೂ ಖತಾದ (ರ) ಆ ಸಾಲವನ್ನು ವಹಿಸಿಕೊಂಡ ಮೇಲೆ.

ಹಾಗಾದರೆ ಏನು ಬರೆಯಬೇಕು? ಮೊದಲು ಕೊಡಲಿಕ್ಕಿರುವುದು, ಬರಲಿಕ್ಕಿರುವುದು, ನಮ್ಮಲ್ಲಿರುವ ಬೇರೆಯವರ ಅಮಾನತ್. ಹೆಂಡತಿಗೆ ಕೊಡದೆ ಉಳಿದ ಮಹರ್ ಕೂಡ ಸಾಲವೇ. ಬಾಕಿಯಾದ ಝಕಾತ್, ಬಿಟ್ಟುಹೋದ ಉಪವಾಸ, ಕಡ್ಡಾಯವಾಗಿದ್ದೂ ಮಾಡದ ಹಜ್ಜ್ ಇದ್ದರೆ ಅದನ್ನೂ ಬರೆಯಿರಿ. ಜಾಗದ ದಾಖಲೆ, ಪಾಸ್‌ಬುಕ್, ಚಿನ್ನ ಎಲ್ಲುಂಟು ಎಂಬುದು ಒಬ್ಬರಿಗಾದರೂ ಗೊತ್ತಿರಲಿ. ಮಕ್ಕಳಿಗಾಗಿ ಕಾಯದೆ ಬೇಗ ದಫನ್ ಮಾಡಿ ಎಂಬ ಆಸೆಯಿದ್ದರೆ ಈಗಲೇ ಹೇಳಿ. ಆಗ ಬರಲಾಗದ ಮಗನಿಗೂ ಸಮಾಧಾನ, ಇಲ್ಲಿದ್ದವರ ಮೇಲೆ ದೂರೂ ಇಲ್ಲ.

ದಫನ್ ಖರ್ಚು ಮತ್ತು ಸಾಲ ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗದ ತನಕ ವಸಿಯ್ಯತ್ ಮಾಡಬಹುದು. ಸಅದ್ ಬಿನ್ ಅಬೀ ವಕ್ಕಾಸ್ (ರ) ಕೇಳಿದಾಗ ಪ್ರವಾದಿ (ಸ) ಇಟ್ಟ ಮಿತಿ ಅದು. ಅದೇ ಹೆಚ್ಚಾಯಿತು ಎಂದೂ ಹೇಳಿದರು. ಪಾಲಿನ ಹಕ್ಕಿರುವ ಮಕ್ಕಳಲ್ಲಿ ಒಬ್ಬರಿಗೆ ವಸಿಯ್ಯತ್ ಮೂಲಕ ಹೆಚ್ಚು ಕೊಡಬೇಕಾದರೆ ಉಳಿದ ಹಕ್ಕುದಾರರು ಒಪ್ಪಬೇಕು. ಬ್ಯಾಂಕಿನಲ್ಲಿ ನಾಮಿನಿ ಆದವರು ಹಣದ ಯಜಮಾನರಲ್ಲ. ಅವರು ಪಡೆದು ಹಕ್ಕುದಾರರಿಗೆ ತಲುಪಿಸಬೇಕಾದವರು. ಇದು ತಿಳಿಯದೆ ಎಷ್ಟೋ ಹೆಣ್ಣುಮಕ್ಕಳ ಪಾಲು ಮುಳುಗುತ್ತದೆ.

ಇನ್ನು ಆಸ್ಪತ್ರೆಯ ಮಾತು. ಐಸಿಯು ಬಾಗಿಲಲ್ಲಿ "ಮೆಷಿನ್ ಹಾಕುವುದಾ, ತೆಗೆಯುವುದಾ?" ಎಂದು ಡಾಕ್ಟರ್ ಕೇಳಿದಾಗ ಉತ್ತರ ಕೊಡುವುದು ಸುಲಭವಲ್ಲ. ಪ್ರಾಯಕ್ಕೆ ಬಂದ, ಬುದ್ಧಿ ಸ್ವಸ್ಥವಿರುವ ಯಾರೂ ತಮ್ಮ ಕೊನೆಯ ಚಿಕಿತ್ಸೆಯ ಇಚ್ಛೆಯನ್ನು ಮೊದಲೇ ಬರೆದಿಡಬಹುದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. 2023ರಲ್ಲಿ ಕ್ರಮವನ್ನು ಸುಲಭ ಮಾಡಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಮರಣವನ್ನು ಬೇಗ ಬರಿಸುವುದು ಹರಾಮ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೆದುಳು ಪೂರ್ತಿ ನಿಂತು, ಇನ್ನು ಮರಳದೆಂದು ತಜ್ಞ ವೈದ್ಯರು ಹೇಳಿದ ಮೇಲೆ ಯಂತ್ರ ತೆಗೆಯಬಹುದೆಂದು 1986ರಲ್ಲಿ ಅಮ್ಮಾನಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಖ್ಹ್ ಅಕಾಡೆಮಿ ತೀರ್ಮಾನಿಸಿತ್ತು. ಬರೆಯುವ ಮೊದಲು ನಂಬಿಕೆಯ ಡಾಕ್ಟರ್ ಮತ್ತು ಉಸ್ತಾದರಲ್ಲಿ ಕೂತು ಕೇಳಿ.

ಬರೆದಿಟ್ಟ ಮಾತ್ರಕ್ಕೆ ಮರಣ ಬೇಗ ಬರುವುದಿಲ್ಲ, ಬರೆಯದಿದ್ದರೆ ತಡವಾಗುವುದೂ ಇಲ್ಲ. ಅಜಲ್ ಅಲ್ಲಾಹನ ಕೈಯಲ್ಲಿದೆ. ರಾತ್ರಿ ಊಟದ ನಂತರ ಒಂದು ನೋಟ್‌ಬುಕ್ ತೆಗೆಯಿರಿ. ಉಮ್ಮನನ್ನೂ ಹೆಣ್ಣುಮಕ್ಕಳನ್ನೂ ಜೊತೆಗೆ ಕೂರಿಸಿ. ಮೊದಲ ಪುಟದಲ್ಲಿ ಸಾಲದ ಲೆಕ್ಕ ಬರೆಯಿರಿ. ಇನ್ನು ಮುಂದೆ ಬಾಪ "ನಾನು ಹೋದ ಮೇಲೆ" ಎಂದಾಗ ತಡೆಯಬೇಡಿ. "ಹೇಳಿ ಬಾಪ, ಕೇಳ್ತಾ ಇದ್ದೇವೆ" ಎನ್ನಿ.