ಮಳೆ ಹೇಳುವ ಗಡಿಯಾರ

ಮಕ್ಕಳೇ, ಅಂಕಿಗಳಲ್ಲಿ ಸಮಯ ತೋರಿಸುವ ಗಡಿಯಾರವನ್ನು ನೀವು ನೋಡಿದ್ದೀರಿ. ಅಂಥ ಕೆಲವು ಗಡಿಯಾರಗಳು ಸೂರ್ಯ, ಮೋಡ, ಮಳೆಹನಿಗಳ ಚಿತ್ರವನ್ನೂ ತೋರಿಸುತ್ತವೆ. ಮಳೆ ಬರುವುದು ಅವಕ್ಕೆ ಹೇಗೆ ತಿಳಿಯುತ್ತದೆ?

ಗಡಿಯಾರದೊಳಗೆ ಕ್ವಾರ್ಟ್ಜ್ ಎಂಬ ಸಣ್ಣ ಸ್ಫಟಿಕವಿರುತ್ತದೆ. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಕಂಪನಗಳನ್ನು ಎಣಿಸಿ ಗಡಿಯಾರವು ಸಮಯ ಹೇಳುತ್ತದೆ. ಹವಾಮಾನ ತಿಳಿಯಲು ಅದರಲ್ಲಿ ಇನ್ನೊಂದು ಸಾಧನವಿದೆ. ಅದು ಗಾಳಿಯ ಒತ್ತಡವನ್ನು ಅಳೆಯುತ್ತದೆ. ಒತ್ತಡ ಬೇಗನೆ ಇಳಿದರೆ ಮಳೆಯ ಸಂಭವ ಹೆಚ್ಚು. ಏರಿದರೆ ಆಕಾಶ ತಿಳಿಯಾಗುವ ಸಂಭವ ಹೆಚ್ಚು. ಇಟಲಿಯ ಟಾರಿಸೆಲ್ಲಿ 1643ರಲ್ಲಿ ಪಾದರಸದ ನಳಿಕೆಯಿಂದ ಅಳೆದದ್ದೂ ಇದೇ ಒತ್ತಡವನ್ನು.

ಆದರೆ ಈ ಗಡಿಯಾರಕ್ಕೆ ತಾನಿರುವ ಊರಿನ ಗಾಳಿ ಮಾತ್ರ ಗೊತ್ತು. ಇಚಲಕರಂಜಿಯಲ್ಲಿ ಬಿಸಿಲಿದ್ದಾಗಲೂ ಸಹ್ಯಾದ್ರಿಯ ಗಗನಬಾವಡಾ, ರಾಧಾನಗರಿಗಳಲ್ಲಿ ಜೋರು ಮಳೆಯಾಗುತ್ತಿರಬಹುದು. ಆ ನೀರು ಪಂಚಗಂಗೆಗೆ ಬರುತ್ತದೆ. ಆಂಬೋಲಿಯ ಮಳೆನೀರು ಹಿರಣ್ಯಕೇಶಿ ನದಿಯಲ್ಲಿ ಗಡಹಿಂಗ್ಲಜಕ್ಕೆ ಬರುತ್ತದೆ. ಕೊಲ್ಹಾಪುರದ ರಾಜಾರಾಮ ಬಂಧಾರದ ಬಳಿ ಪಂಚಗಂಗೆ 39 ಅಡಿಗೆ ಏರಿದರೆ ಎಚ್ಚರಿಕೆಯ ಮಟ್ಟ, 43 ಅಡಿಗೆ ಏರಿದರೆ ಅಪಾಯದ ಮಟ್ಟ. 2019ರ ಆಗಸ್ಟ್ ತಿಂಗಳಲ್ಲಿ ಅಲ್ಲಿ ನೀರು 55 ಅಡಿಯನ್ನು ದಾಟಿತು. ಸಾವಿರಾರು ಜನರು ಮನೆ ಬಿಡಬೇಕಾಯಿತು. 2021ರ ಜುಲೈನಲ್ಲಿ ಮತ್ತೆ ಮಹಾಪೂರ ಬಂತು.

ಆದುದರಿಂದ ಮನೆಯ ಗಡಿಯಾರವನ್ನು ನೋಡಿ ಕೊಡೆ ತೆಗೆದುಕೊಳ್ಳಿರಿ. ಆದರೆ ಹೊಳೆ ಏರುವ ದಿನಗಳಲ್ಲಿ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ಬಂಧಾರದ ನೀರಿನ ಮಟ್ಟವನ್ನೂ ತಪ್ಪದೆ ಕೇಳಿ ತಿಳಿಯಿರಿ. ಮನೆಯ ಹಿರಿಯರಿಗೂ ತಿಳಿಸಿರಿ.