ಕಾರವಾರದ ಕಡಲತಡಿ ಯಾರದು?

ದೇಶದ ಏಳ್ಗೆಗೆ ಬಂದರುಗಳು ಬೇಕೆಂಬುದನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಏಳ್ಗೆಯ ವೆಚ್ಚವನ್ನೆಲ್ಲ ಒಂದೇ ಊರಿನ, ಒಂದೇ ವರ್ಗದ ಜನರ ಲೆಕ್ಕಕ್ಕೆ ಬರೆದಿಡುವುದು ನ್ಯಾಯವೇ? 2020ರ ಜನವರಿಯಲ್ಲಿ ಕಾರವಾರದ ಮೀನುಗಾರರು ಎತ್ತಿದ ಪ್ರಶ್ನೆಯು ಇದೇ ಆಗಿದೆ.

ಸಾಗರಮಾಲಾ ಯೋಜನೆಯ ಅಂಗವಾಗಿ ಅಲ್ಲಿಯ ವಾಣಿಜ್ಯ ಬಂದರಿನ ಎರಡನೆಯ ಹಂತದ ವಿಸ್ತರಣಕಾರ್ಯವನ್ನು ಆ ತಿಂಗಳಲ್ಲಿ ಪೋಲೀಸರ ಕಾವಲಿನಲ್ಲಿ ಆರಂಭಿಸಲಾಯಿತು. ರವೀಂದ್ರನಾಥ ಠಾಗೋರ ಕಡಲತೀರದ ಒಂದು ಭಾಗವು ಇದರಿಂದ ಕೈತಪ್ಪುವುದೆಂದು ಮನಗಂಡ ಮೀನುಗಾರ ಸ್ತ್ರೀಪುರುಷರು ಮರಳಿಗಿಳಿದು ಪ್ರತಿಭಟಿಸಿದರು. ಹಲವರನ್ನು ಪೋಲೀಸರು ವಶಕ್ಕೆ ತೆಗೆದುಕೊಂಡರು. ಊರು ಬಂದ್ ಆಚರಿಸಿತು. ಆ ತಿಂಗಳು ಮುಗಿಯುವುದರೊಳಗೆ ಉಚ್ಚ ನ್ಯಾಯಾಲಯವು ಕಾಮಗಾರಿಗೆ ತಡೆಯಾಜ್ಞೆಯನ್ನು ನೀಡಿತು.

ನಗರವಾಸಿಗಳಿಗೆ ಕಡಲತೀರವೆಂದರೆ ಸಂಜೆಯ ಗಾಳಿಸೇವನೆಯ ತಾಣ. ಬೆಸ್ತನಿಗಾದರೋ ಅದೇ ಹೊಲ, ಅದೇ ಕಣ. ನಾಡದೋಣಿಯನ್ನು ಎಳೆದಿಡುವುದು ಅಲ್ಲಿ. ಬಲೆಯನ್ನು ಹರವುವುದು, ಹೆಂಗಸರು ಮೀನನ್ನು ಒಣಗಿಸುವುದು ಅಲ್ಲಿ. ಈ ಕರಾವಳಿಯ ಹೆಸರಾಂತ ರಂಪಣಿ ಬಲೆಯನ್ನು ಹತ್ತಾರು ಜನರು ದಡದಲ್ಲಿ ನಿಂತೇ ಎಳೆದು ಬಂದ ಮೀನನ್ನು ಹಂಚಿಕೊಳ್ಳುತ್ತಿದ್ದರು. 1970ರ ದಶಕದ ಕೊನೆಯಲ್ಲಿ ಬಂದ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆಗಳು ರಂಪಣಿಯನ್ನು ಮೂಲೆಗೊತ್ತಿದವು. ಉಳಿದಿರುವ ಚಿಕ್ಕ ಬಲೆಗಾರರಿಗೂ ತೆರೆದ ದಂಡೆಯಿಲ್ಲದೆ ಕಸುಬಿಲ್ಲ.

ಈ ಜನರು ದೇಶಕ್ಕೆ ಏನನ್ನೂ ಕೊಟ್ಟಿಲ್ಲವೇ? 1986ರಲ್ಲಿ ಅಡಿಗಲ್ಲಿಟ್ಟು, 2005ರಲ್ಲಿ ಕಾರ್ಯಾರಂಭ ಮಾಡಿದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಅಂಕೋಲೆಗಳ ಸಾವಿರಾರು ಕುಟುಂಬಗಳು ಮನೆಮಠಗಳನ್ನು ಬಿಟ್ಟೆದ್ದವು. ಬಿಣಗಾ, ಅರ್ಗಾ ಮೊದಲಾದ ದಂಡೆಗಳು ನೌಕಾಪಡೆಯ ಮೇರೆಯೊಳಗೆ ಸೇರಿದವು. ರಾಷ್ಟ್ರರಕ್ಷಣೆಯ ಕಾರ್ಯಕ್ಕೆ ಅದು ಅವರು ತೆತ್ತ ಕಾಣಿಕೆ. ಒಮ್ಮೆ ಕೊಟ್ಟವರು, ಉಳಿದ ತುಂಡು ಮರಳನ್ನಾದರೂ ಬಿಡಿರೆಂದು ಬೇಡಿದೊಡನೆ ಅವರನ್ನು ಪ್ರಗತಿವಿರೋಧಿಗಳೆಂದು ಜರೆಯುವುದು ಕೃತಘ್ನತೆಯಲ್ಲದೆ ಮತ್ತೇನು?

ಅಲೆತಡೆಗೋಡೆಯು ತಾನಿರುವಷ್ಟೇ ಜಾಗವನ್ನು ನುಂಗುವ ವಸ್ತುವಲ್ಲ. ದಡದುದ್ದಕ್ಕೂ ಮರಳನ್ನು ಒಯ್ಯುವ ಪ್ರವಾಹವು ಗೋಡೆಗೆ ತಾಗಿ ಒಂದು ಮಗ್ಗುಲಲ್ಲಿ ಮರಳನ್ನು ಪೇರಿಸುತ್ತದೆ. ಇನ್ನೊಂದು ಮಗ್ಗುಲನ್ನು ಕೊರೆಯುತ್ತದೆ. ಕರಾವಳಿ ನಿಯಂತ್ರಣ ವಲಯದ 2011ರ ಹಾಗೂ 2019ರ ಅಧಿಸೂಚನೆಗಳೆರಡೂ ಮೀನುಗಾರರ ಜೀವನೋಪಾಯದ ಭದ್ರತೆಯನ್ನು ತಮ್ಮ ಉದ್ದೇಶವೆಂದು ಸಾರಿವೆ. ಸರಕಾರವು ತನ್ನ ಮಾತನ್ನು ತಾನೇ ಮರೆಯಬಾರದು.

ಕವಿ ರವೀಂದ್ರರು ತಮ್ಮ ತಾರುಣ್ಯದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ತಂಗಿದ್ದರು. ಬೆಳದಿಂಗಳಿನಲ್ಲಿ ಕಾಳಿನದಿಯ ಮೇಲೆ ಮಾಡಿದ ದೋಣಿಯ ಪಯಣವನ್ನು ಅವರು ತಮ್ಮ ಸ್ಮೃತಿಗ್ರಂಥದಲ್ಲಿ ನೆನೆದಿದ್ದಾರೆ. ಅವರ ಹೆಸರನ್ನು ದಂಡೆಗಿಟ್ಟು ದಂಡೆಯನ್ನೇ ಕಿರಿದುಗೊಳಿಸುವುದು ವಿಚಿತ್ರವಾದ ಗೌರವ!

ಅಧಿಕಾರಿಗಳಲ್ಲಿ ನಮ್ಮ ವಿನಂತಿಯಿಷ್ಟೆ: ದಂಡೆಯ ಮೇಲೆ ಯಾವ ಯೋಜನೆಯನ್ನೇ ಆಗಲಿ ಹೂಡುವ ಮುನ್ನ ಅದರ ನಕ್ಷೆಯನ್ನೂ ಪರಿಣಾಮಗಳ ವರದಿಯನ್ನೂ ಕನ್ನಡದಲ್ಲಿ ಪ್ರಕಟಿಸತಕ್ಕದ್ದು, ಬಲೆಗಾರರ ಮಾತನ್ನು ಅವರ ಕೇರಿಯಲ್ಲಿಯೇ ಕುಳಿತು ಕೇಳತಕ್ಕದ್ದು. ಪೇಟೆಯ ಮಹಾಜನರೂ ಇದು ಬೆಸ್ತರ ಜಗಳವೆಂದು ಉದಾಸೀನರಾಗದಿರಲಿ. ಬಂದರನ್ನು ಬೇರೆಡೆ ಕಟ್ಟಬಹುದು. ಕಡಲು ಕಟ್ಟಿಕೊಟ್ಟ ದಂಡೆಯನ್ನು ಯಾವ ಗುತ್ತಿಗೆದಾರನೂ ಕಟ್ಟಿಕೊಡಲಾರನು.